ಎಲೆ ಬೀಳಲಿಲ್ಲ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ

ಮಲೆನಾಡಿನ ಕ್ಲಬ್ಬುಗಳಲ್ಲಿ ಇಸ್ಪೀಟಿನ ಮೇಜಿನಿಂದ ಎದ್ದು ಬರುವವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಇವತ್ತು ಎಲೆನೇ ಬೀಳ್ಲಿಲ್ಲ ಮಾರಾಯ." ರಮ್ಮಿಗೆ ಆ ಮಾತು ಸರಿ. ಇಪ್ಪತ್ತೆಂಟಕ್ಕೂ ಸರಿ. ನಾಲ್ಕೇ ಜನ ಕೂತು ಆಡುವ ರಬ್ಬರ್ ಬ್ರಿಜ್ಜಿನಲ್ಲೂ ಒಂದು ಸಂಜೆಯ ಮಟ್ಟಿಗೆ ಒಪ್ಪಬಹುದು. ಎಕ್ಕ, ರಾಜಗಳೆಲ್ಲ ಎದುರಿನವರ ಕೈಗೇ ಹೋಗುತ್ತಿದ್ದರೆ ಮಾಡುವುದಾದರೂ ಏನು? ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೀಗೆ ಆಡಿ ಕೈ ಪಳಗಿದವರು ಮೊದಲ ಸಲ ದೊಡ್ಡ ಬ್ರಿಜ್ ಟೂರ್ನಮೆಂಟಿಗೆ ಹೆಸರು ಕೊಟ್ಟಾಗ ಈ ಸಮಾಧಾನ ಅವರ ಕೈತಪ್ಪಿ ಹೋಗುತ್ತದೆ. ಅಲ್ಲಿ ನಿಮಗೆ ಬಿದ್ದ ಎಲೆಯೇ ಪಕ್ಕದ ಮೇಜಿನಲ್ಲಿ ನಿಮ್ಮ ದಿಕ್ಕಿಗೆ ಕೂತವರಿಗೂ ಬೀಳುತ್ತದೆ. ಅದರ ಪಕ್ಕದ ಮೇಜಿನಲ್ಲೂ ಅಷ್ಟೇ.

ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಹಾಸನಕ್ಕೂ ಒಂದೇ, ಕಡೂರಿಗೂ ಒಂದೇ ಅನ್ನುವ ಹಾಗೆ. ಪತ್ರಿಕೆ ಕಷ್ಟವಿತ್ತು ಅಂದರೆ ಎಲ್ಲರಿಗೂ ಕಷ್ಟವಿತ್ತು; ನಿಮ್ಮ ಸ್ಥಾನ ನಿಂತಿರುವುದು ಅದೇ ಪ್ರಶ್ನೆಗೆ ಬೇರೆಯವರು ಏನು ಬರೆದರು ಅನ್ನುವುದರ ಮೇಲೆ. ಇದಕ್ಕೆ ಡೂಪ್ಲಿಕೇಟ್ ಬ್ರಿಜ್ ಎಂದು ಹೆಸರು. ಬ್ರಿಜ್ ಅಂದರೆ ನಾಲ್ವರು ಎದುರುಬದುರು ಜೋಡಿಯಾಗಿ ಕೂತು, ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಎಂದು ಮೊದಲು ಬಿಡ್ ಮಾಡಿ, ಹಾಗೆ ಒಪ್ಪಿಕೊಂಡ ಕಾಂಟ್ರಾಕ್ಟನ್ನು ಆಡಿ ತೋರಿಸುವ ಆಟ. ಇಸ್ಪೀಟು ಅಂದ ಕೂಡಲೇ ಜೂಜು ಅಂತ ಮುಖ ತಿರುಗಿಸುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ, ರಮ್ಮಿಯಲ್ಲಿರುವ ಅದೃಷ್ಟದ ಪಾಲು ಬ್ರಿಜ್ಜಿನಲ್ಲಿ ಎಲೆ ಹಂಚುವಾಗ ಇರುವ ಅದೃಷ್ಟದಂಥದ್ದೇ ಎಂದು ಹೇಳಿತ್ತು. ಡೂಪ್ಲಿಕೇಟ್ ಪದ್ಧತಿ ಆ ಹಂಚಿಕೆಯ ಅದೃಷ್ಟವನ್ನೂ ಬಹುಪಾಲು ತೆಗೆದುಹಾಕುತ್ತದೆ. ಎದುರಿನವರು ಆ ಹೊತ್ತಿಗೆ ಎಷ್ಟು ಚೆನ್ನಾಗಿ ಆಡಿದರು ಅನ್ನುವಷ್ಟು ಅದೃಷ್ಟ ಮಾತ್ರ ಉಳಿಯುತ್ತದೆ.

ಕೆಲಸ ನಡೆಯುವುದು ಬೋರ್ಡಿನ ಮೂಲಕ. ಪ್ಲಾಸ್ಟಿಕ್ಕಿನ ಚಪ್ಪಟೆ ಹಲಗೆ, ನಾಲ್ಕು ದಿಕ್ಕಿಗೆ ನಾಲ್ಕು ಜೇಬು, ಒಂದೊಂದರಲ್ಲಿ 13 ಎಲೆ. ಬೋರ್ಡಿನ ಮೇಲೆ ಅದರ ನಂಬರು, ಡೀಲರ್ (ಮೊದಲು ಬಿಡ್ ಮಾಡುವವರು) ಯಾರು, ಯಾವ ಜೋಡಿ ವಲ್ನರಬಲ್ (ಗೆದ್ದರೆ ಬೋನಸ್, ಸೋತರೆ ದಂಡ ಎರಡೂ ಹೆಚ್ಚು) ಅನ್ನುವುದು ಅಚ್ಚಾಗಿರುತ್ತದೆ. ಈ ಕ್ರಮ 16 ಬೋರ್ಡಿಗೊಮ್ಮೆ ತಿರುಗಿ ಬರುತ್ತದೆ. ಆಡುವಾಗ ಎಲೆಯನ್ನು ಮಧ್ಯಕ್ಕೆ ಎಸೆಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆಯೇ ಇಟ್ಟು, ಟ್ರಿಕ್ ಮುಗಿದ ಮೇಲೆ ಮಗುಚಬೇಕು. ಗೆದ್ದಿದ್ದರೆ ಎಲೆ ಪಾರ್ಟ್ನರ್ ಕಡೆಗೆ ಉದ್ದಕ್ಕೆ, ಸೋತಿದ್ದರೆ ಅಡ್ಡಕ್ಕೆ. ಆಟ ಮುಗಿದು ಎಷ್ಟು ಟ್ರಿಕ್ ಎಂದು ನಾಲ್ವರೂ ಒಪ್ಪುವ ತನಕ ಎಲೆಗಳನ್ನು ಕಲೆಸಬಾರದು. ಕಲೆಸಿಬಿಟ್ಟರೆ, ಆಮೇಲೆ ರಿವೋಕ್ (ಸೂಟ್ ಇದ್ದೂ ಬೇರೆ ಎಲೆ ಹಾಕುವುದು) ಆಯಿತು ಅಂತ ಅನುಮಾನ ಬಂದರೂ ತೋರಿಸುವುದಕ್ಕೆ ಏನೂ ಇರುವುದಿಲ್ಲ.

ಜೇಬಿನಿಂದ ಎಲೆ ತೆಗೆದ ಕೂಡಲೇ, ಮುಖ ನೋಡುವ ಮೊದಲೇ, 13 ಎಣಿಸಬೇಕು. ಇದು ಶಿಷ್ಟಾಚಾರವಲ್ಲ, ನಿಯಮ. ಹಿಂದಿನ ಮೇಜಿನವರು ಒಂದು ಎಲೆಯನ್ನು ತಪ್ಪು ಜೇಬಿಗೆ ಹಾಕಿದ್ದರೆ ಒಬ್ಬರಲ್ಲಿ 12, ಇನ್ನೊಬ್ಬರಲ್ಲಿ 14 ಇರುತ್ತದೆ. ಮುಖ ನೋಡುವ ಮೊದಲೇ ಗೊತ್ತಾದರೆ ಡೈರೆಕ್ಟರ್ (ಟೂರ್ನಮೆಂಟಿನ ತೀರ್ಪುಗಾರರು) ಬಂದು ಸರಿಪಡಿಸಿ ಆಟ ಮುಂದುವರಿಸುತ್ತಾರೆ. ನಾಲ್ಕು ಸುತ್ತು ಬಿಡ್ ಆದ ಮೇಲೆ ಗೊತ್ತಾದರೆ ಆ ಬೋರ್ಡೇ ಕೆಟ್ಟಂತೆ. ಕ್ಲಬ್ಬಿನಲ್ಲಿ ಹಂಚಿದ ಎಲೆಯನ್ನು ಒಂದೊಂದಾಗಿ ಎತ್ತಿ ಜೋಡಿಸಿಕೊಳ್ಳುವ ಅಭ್ಯಾಸ ಇರುವವರು ಇದನ್ನೊಂದು ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಜೋಡಿಗಳು ಮೇಜಿನಿಂದ ಮೇಜಿಗೆ ಹೋಗುವ ಪದ್ಧತಿಗಳಲ್ಲಿ ಮಿಚೆಲ್ ಎಂಬುದು ಹೆಚ್ಚು ಬಳಕೆಯದು. ನಾರ್ತ್-ಸೌತ್ ಕೂತಲ್ಲೇ ಇರುತ್ತಾರೆ. ಈಸ್ಟ್-ವೆಸ್ಟ್ ಜೋಡಿ ಪ್ರತಿ ರೌಂಡಿಗೂ ಮುಂದಿನ ನಂಬರಿನ ಮೇಜಿಗೆ ಹೋಗುತ್ತದೆ, ಬೋರ್ಡುಗಳು ಹಿಂದಿನ ನಂಬರಿನ ಮೇಜಿಗೆ ಹೋಗುತ್ತವೆ. 9 ಮೇಜು, ಮೇಜಿಗೆ 3 ಬೋರ್ಡು ಇದ್ದರೆ 9 ರೌಂಡಿನಲ್ಲಿ 27 ಬೋರ್ಡೂ ಎಲ್ಲ ಕಡೆ ಆಡಿ ಮುಗಿಯುತ್ತವೆ. ಮೇಜಿನ ಸಂಖ್ಯೆ ಸಮವಾಗಿದ್ದರೆ ಅರ್ಧದಾರಿಯಲ್ಲಿ ಈಸ್ಟ್-ವೆಸ್ಟ್ ಒಂದು ಮೇಜು ಹಾರಬೇಕಾಗುತ್ತದೆ, ಇಲ್ಲದಿದ್ದರೆ ಆಡಿದ ಬೋರ್ಡೇ ಮತ್ತೆ ಎದುರಾಗುತ್ತದೆ. ಹೊಸಬರು ದಾರಿ ತಪ್ಪುವುದು ಆ ಹಾರುವ ರೌಂಡಿನಲ್ಲೇ. ಮೊದಲ ಟೂರ್ನಮೆಂಟಿಗೆ ಹೋಗುವವರಿಗೆ ನಾರ್ತ್-ಸೌತ್ ಸಿಕ್ಕರೆ ಓಡಾಟ ಉಳಿಯುತ್ತದೆ, ಆದರೆ ಸ್ಕೋರ್ ದಾಖಲಿಸುವ ಹೊಣೆ ಸಾಮಾನ್ಯವಾಗಿ ನಾರ್ತ್‌ನದು. ಸಣ್ಣ ಸ್ಕೋರಿಂಗ್ ಯಂತ್ರದಲ್ಲಿ ಕಾಂಟ್ರಾಕ್ಟ್, ಆಡಿದವರು, ಟ್ರಿಕ್ ಒತ್ತುವಾಗ ಆಗುವ ತಪ್ಪು ಹೆಚ್ಚಾಗಿ ಒಂದೇ: ಡಿಕ್ಲೇರರ್ (ಕಾಂಟ್ರಾಕ್ಟ್ ಆಡಿದವರು) ಈಸ್ಟ್ ಆಗಿದ್ದಾಗ ನಾರ್ತ್ ಎಂದು ಒತ್ತುವುದು. ಈಸ್ಟ್ ಅಥವಾ ವೆಸ್ಟ್ ಅದನ್ನು ನೋಡಿ ಒಪ್ಪಿಗೆ ಒತ್ತಬೇಕು ಎಂಬ ಏರ್ಪಾಡು ಇರುವುದೇ ಈ ಕಾರಣಕ್ಕೆ. ನೋಡದೆ ಒತ್ತಿದರೆ ಗೆದ್ದ ಬೋರ್ಡ್ ಸೋತ ಲೆಕ್ಕಕ್ಕೆ ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸಬರ ಆಟ ಬುಡಮೇಲಾಗುವುದು ಅಂಕ ಲೆಕ್ಕ ಹಾಕುವ ರೀತಿಯಲ್ಲಿ.

ಪೇರ್ಸ್, ಅಂದರೆ ಜೋಡಿಗಳ ಸ್ಪರ್ಧೆಯಲ್ಲಿ ನಡೆಯುವುದು ಮ್ಯಾಚ್‌ಪಾಯಿಂಟ್. ನಿಮ್ಮ ದಿಕ್ಕಿನಲ್ಲೇ ಕೂತು ಅದೇ ಬೋರ್ಡ್ ಆಡಿದ ಪ್ರತಿ ಜೋಡಿಗಿಂತ ನಿಮ್ಮ ಸ್ಕೋರ್ ಹೆಚ್ಚಿದ್ದರೆ 2, ಸಮ ಇದ್ದರೆ 1, ಕಡಿಮೆ ಇದ್ದರೆ 0. ಎಷ್ಟು ಹೆಚ್ಚು ಅನ್ನುವುದಕ್ಕೆ ಬೆಲೆಯಿಲ್ಲ. 10 ಅಂಕ ಹೆಚ್ಚಾದರೂ 2, 1000 ಹೆಚ್ಚಾದರೂ 2. ಒಂದು ಬೋರ್ಡನ್ನು 9 ಮೇಜಿನಲ್ಲಿ ಆಡಿದ್ದಾರೆ, ಯಾರೂ ವಲ್ನರಬಲ್ ಅಲ್ಲ ಅಂತಿಟ್ಟುಕೊಳ್ಳಿ. ಐದು ಮೇಜಿನಲ್ಲಿ 4 ಸ್ಪೇಡ್ಸ್ (ಸ್ಪೇಡ್ಸ್ ತುರುಪು, ಆರರ ಮೇಲೆ ನಾಲ್ಕು ಟ್ರಿಕ್) ಸರಿಯಾಗಿ 10 ಟ್ರಿಕ್ ಮಾಡಿ 420. ಎರಡು ಮೇಜಿನಲ್ಲಿ ಅದೇ 4 ಸ್ಪೇಡ್ಸ್‌ಗೆ 11 ಟ್ರಿಕ್, 450. ಒಬ್ಬರು 3 ನೋಟ್ರಂಪ್ (ತುರುಪಿಲ್ಲದ ಆಟ) ಆಡಿ 10 ಟ್ರಿಕ್ ಮಾಡಿದ್ದಾರೆ, 430. ಇನ್ನೊಬ್ಬರು ಒಂದು ಟ್ರಿಕ್ ಕಡಿಮೆ ಮಾಡಿ ಮೈನಸ್ 50. ಪೂರ್ತಿ ಅಂಕ 16. 450 ಮಾಡಿದವರಿಗೆ ತಲಾ 15 ಸಿಗುತ್ತದೆ, ಅಂದರೆ ಶೇ 94ರ ಹತ್ತಿರ. 430ಕ್ಕೆ 12, ಶೇ 75. ಕಾಂಟ್ರಾಕ್ಟನ್ನು ಸರಿಯಾಗಿಯೇ ಮಾಡಿ 420 ತಂದವರಿಗೆ 6, ಶೇ 37.5. ಗೇಮ್ (ದೊಡ್ಡ ಬೋನಸ್ ತರುವ ಕಾಂಟ್ರಾಕ್ಟ್) ಬಿಡ್ ಮಾಡಿದ್ದೀರಿ, ಆಡಿ ಗೆದ್ದಿದ್ದೀರಿ, ರಬ್ಬರ್ ಬ್ರಿಜ್ಜಿನಲ್ಲಾದರೆ ಬೆನ್ನು ತಟ್ಟಿಸಿಕೊಳ್ಳುತ್ತಿದ್ದಿರಿ. ಇಲ್ಲಿ ಅದು ಸರಾಸರಿಗಿಂತ ಕೆಳಗೆ.

ಒಪ್ಪಿದ್ದಕ್ಕಿಂತ ಹೆಚ್ಚು ಗೆದ್ದ ಒಂದೇ ಒಂದು ಓವರ್‌ಟ್ರಿಕ್‌ಗೆ ಶೇ 37ರಿಂದ 94ಕ್ಕೆ ಜಿಗಿತ. ಈ ಲೆಕ್ಕ ಮೈಗೂಡುವ ತನಕ ಕ್ಲಬ್ಬಿನ ಒಳ್ಳೆಯ ಆಟಗಾರರೂ ಪೇರ್ಸ್‌ನಲ್ಲಿ ಶೇ 42, 44ರಲ್ಲಿ ನಿಲ್ಲುತ್ತಾರೆ. ಅವರ ಆಟ ಕೆಟ್ಟದ್ದು ಅಂತ ಅಲ್ಲ. ಕಾಂಟ್ರಾಕ್ಟ್ ಉಳಿಸಿಕೊಂಡರೆ ಸಾಕು ಅನ್ನುವ ರಬ್ಬರ್ ಬುದ್ಧಿ ಬಿಟ್ಟಿರುವುದಿಲ್ಲ. ಡಿಫೆನ್ಸಿನಲ್ಲೂ ಹಾಗೆಯೇ: ಎದುರಿನವರ ಗೇಮ್ ಹೇಗೂ ಆಗುತ್ತದೆ ಅಂತ ಕೊನೆಯ ಮೂರು ಎಲೆಗಳನ್ನು ಬೇಕಾಬಿಟ್ಟಿ ಎಸೆಯುವುದು. ಆ 11ನೇ ಟ್ರಿಕ್ ಕೊಟ್ಟಿದ್ದು ಗೇಮ್ ಬಿಟ್ಟುಕೊಟ್ಟಷ್ಟೇ ನಷ್ಟ.

ಇನ್ನೊಂದು ಸೋರಿಕೆ ಪಾರ್ಟ್ ಸ್ಕೋರ್‌ಗಳಲ್ಲಿ, ಅಂದರೆ ಗೇಮಿಗಿಂತ ಕೆಳಗಿನ ಕಾಂಟ್ರಾಕ್ಟುಗಳಲ್ಲಿ. ಎರಡೂ ಕಡೆ ದೊಡ್ಡ ಎಲೆಗಳ ಲೆಕ್ಕದಲ್ಲಿ ಸುಮಾರು 20 ಪಾಯಿಂಟ್ ಇರುವ ಬೋರ್ಡು ಸೊಗಸಿಲ್ಲದ್ದು, ಯಾರೂ ಊಟದ ಹೊತ್ತಿಗೆ ಅದರ ಕತೆ ಹೇಳುವುದಿಲ್ಲ. ಫಲಿತಾಂಶ ತೀರ್ಮಾನವಾಗುವುದು ಮಾತ್ರ ಅಲ್ಲಿಯೇ. ಎದುರಿನವರು 2 ಹಾರ್ಟ್ಸ್‌ನಲ್ಲಿ ನಿಂತರು, ನೀವೂ ಪಾಸ್ ಅಂದಿರಿ, ಅವರು 8 ಟ್ರಿಕ್ ಮಾಡಿದರು: ನಿಮಗೆ ಮೈನಸ್ 110. ನೀವು 2 ಸ್ಪೇಡ್ಸ್‌ಗೆ ಹೋಗಿ ಒಂದು ಟ್ರಿಕ್ ಸೋತಿದ್ದರೆ ಮೈನಸ್ 50. ವಲ್ನರಬಲ್ ಅಲ್ಲದಾಗ ಎರಡು ಸೋತರೂ ಮೈನಸ್ 100, ಆಗಲೂ 110ಕ್ಕಿಂತ ವಾಸಿ. ಅದೇ ವಲ್ನರಬಲ್ ಆಗಿ ಎರಡು ಸೋತರೆ ಮೈನಸ್ 200. ಪಾರ್ಟ್ ಸ್ಕೋರ್ ಬೋರ್ಡಿನಲ್ಲಿ ಅದಕ್ಕಿಂತ ಕೆಟ್ಟ ಅಂಕ ಹುಡುಕುವುದು ಕಷ್ಟ, ಯಾಕೆಂದರೆ ಎದುರಿನವರಿಗೆ ತಾವಾಗಿ ಆಡಿದ್ದರೆ 110ರಿಂದ 140ರ ಒಳಗೇ ಸಿಗುತ್ತಿತ್ತು. ಹಾಗಾಗಿ ವಲ್ನರಬಲ್ ಎಂದು ತೋರಿಸುವ ಬೋರ್ಡಿನ ಕೆಂಪು ಬಣ್ಣ ನೋಡದೆ ಬಿಡ್ ಮಾಡಬಾರದು. ಒಂದು ಸುಲಭದ ಅಳತೆ: ನಿಮ್ಮ ಜೋಡಿಯ ಕೈಯಲ್ಲಿ ತುರುಪು ಒಟ್ಟು 8 ಇದ್ದರೆ ಎರಡರ ಮಟ್ಟದವರೆಗೆ, 9 ಇದ್ದರೆ ಮೂರರವರೆಗೆ ಪೈಪೋಟಿ ಮಾಡಬಹುದು. ಎಲ್ಲ ಸಲವೂ ಫಲಿಸುತ್ತದೆ ಅಂತ ಇಲ್ಲ, ಆದರೆ ಭಯದಿಂದ ಪಾಸ್ ಅನ್ನುವುದಕ್ಕಿಂತ ಎಷ್ಟೋ ಮೇಲು.

ಟೀಮ್ ಸ್ಪರ್ಧೆಯಲ್ಲಿ ಲೆಕ್ಕ ತಲೆಕೆಳಗು. ನಾಲ್ವರ ತಂಡದ ಒಂದು ಜೋಡಿ ಒಂದು ಕೋಣೆಯಲ್ಲಿ ನಾರ್ತ್-ಸೌತ್, ಇನ್ನೊಂದು ಜೋಡಿ ಮತ್ತೊಂದು ಕೋಣೆಯಲ್ಲಿ ಈಸ್ಟ್-ವೆಸ್ಟ್. ಎರಡು ಸ್ಕೋರಿನ ವ್ಯತ್ಯಾಸವನ್ನು ಐಎಂಪಿ (ಇಂಟರ್‌ನ್ಯಾಷನಲ್ ಮ್ಯಾಚ್ ಪಾಯಿಂಟ್) ಎಂಬ ಅಂಕಕ್ಕೆ ಇಳಿಸುತ್ತಾರೆ. ಮೇಲೆ ಹೇಳಿದ ಓವರ್‌ಟ್ರಿಕ್‌ನ 30 ಇಲ್ಲಿ ಬರೀ 1 ಐಎಂಪಿ. 420, 430ರ ನಡುವಿನ 10ಕ್ಕೆ ಸೊನ್ನೆ. ಆದರೆ ವಲ್ನರಬಲ್ ಗೇಮ್ ಬಿಡ್ ಮಾಡದೆ 170ರಲ್ಲಿ ನಿಂತು, ಆ ಕಡೆಯವರು 620 ತಂದರೆ 450ರ ವ್ಯತ್ಯಾಸ, 10 ಐಎಂಪಿ ಹೋಯಿತು. ಆದ್ದರಿಂದ ಟೀಮ್ಸ್‌ನಲ್ಲಿ ಗೇಮಿಗೆ ಧೈರ್ಯವಾಗಿ ನುಗ್ಗಿ, ಆಡುವಾಗ ಮಾತ್ರ ಓವರ್‌ಟ್ರಿಕ್ಕಿನ ಆಸೆ ಬಿಟ್ಟು ಕಾಂಟ್ರಾಕ್ಟ್ ಕಾಪಾಡಿಕೊಳ್ಳಬೇಕು. ರಬ್ಬರ್ ಆಡಿ ಬಂದವರಿಗೆ ಇದೇ ಹತ್ತಿರದ ದಾರಿ. ಮೊದಲ ಟೂರ್ನಮೆಂಟ್ ಯಾವುದಾಗಿರಲಿ ಎಂದು ಕೇಳಿದರೆ ನಮ್ಮ ಸಲಹೆ ಟೀಮ್ಸ್. ಪೇರ್ಸ್‌ಗೆ ಕಾಲಿಡುವುದು ಆಮೇಲೆ.

ಎರಡರಲ್ಲೂ ಒಂದೇ ಉತ್ತರ ಇರುವ ಬೋರ್ಡುಗಳೂ ಬೇಕಾದಷ್ಟು. ಇದನ್ನು ನೋಡಿ. ಸೌತ್ ಕೈ: ಸ್ಪೇಡ್ಸ್ ಎಕ್ಕ, ರಾಜ, 3, ಹಾರ್ಟ್ಸ್ ಎಕ್ಕ, ರಾಣಿ, 4, ಡೈಮಂಡ್ಸ್ ಎಕ್ಕ, 10, 7, 5, ಕ್ಲಬ್ಸ್ 7, 3, 2. ಡಮ್ಮಿ (ಮೇಜಿನ ಮೇಲೆ ತೆರೆದಿಟ್ಟ ಪಾರ್ಟ್ನರ್ ಕೈ): ಸ್ಪೇಡ್ಸ್ 8, 5, 4, ಹಾರ್ಟ್ಸ್ 7, 3, ಡೈಮಂಡ್ಸ್ 9, 6, 2, ಕ್ಲಬ್ಸ್ ಎಕ್ಕ, ರಾಜ, 6, 5, 4. ಕಾಂಟ್ರಾಕ್ಟ್ 3 ನೋಟ್ರಂಪ್. ವೆಸ್ಟ್ ಹಾರ್ಟ್ ಲೀಡ್ ಮಾಡಿದರು (ಮೊದಲ ಎಲೆಯಾಗಿ ಆಡಿದರು), ಈಸ್ಟ್ ಗುಲಾಮ ಹಾಕಿದರು, ನೀವು ರಾಣಿಯಿಂದ ಗೆದ್ದಿರಿ. ಎಣಿಸಿ: ಸ್ಪೇಡ್ಸ್ 2, ಹಾರ್ಟ್ಸ್ 2, ಡೈಮಂಡ್ಸ್ 1, ಒಟ್ಟು 5. ಕ್ಲಬ್ಸ್‌ನಲ್ಲಿ 4 ಬೇಕು. ಎದುರಿನವರ ಬಳಿ ಕ್ಲಬ್ಸ್ 5 ಇವೆ. ಅವು 3-2 ಆಗಿ ಹಂಚಿಹೋಗುವ ಸಾಧ್ಯತೆ ಶೇ 68ರ ಹತ್ತಿರ.

ಕೈ ತಾನಾಗಿ ಮಾಡುವ ಕೆಲಸ ಅಂದರೆ ಕ್ಲಬ್ಸ್ ಎಕ್ಕ, ರಾಜ ಹೊಡೆದು ಮೂರನೆಯದನ್ನು ಕೊಡುವುದು. ಕೊಟ್ಟ ಮೇಲೆ ಡಮ್ಮಿಯ ಉಳಿದೆರಡು ಕ್ಲಬ್ಸ್ ಗೆಲ್ಲುವ ಎಲೆಗಳೇ, ಆದರೆ ಡಮ್ಮಿಗೆ ಹೋಗುವ ದಾರಿ ಮುಚ್ಚಿಹೋಗಿದೆ. ಸ್ಪೇಡ್ 8ರಿಂದಲೋ ಡೈಮಂಡ್ 9ರಿಂದಲೋ ಅಲ್ಲಿಗೆ ಹೋಗಲಾಗದು. ಆ ಎರಡು ಎಲೆ ಮೇಜಿನ ಮೇಲೆಯೇ ಕೊಳೆಯುತ್ತವೆ, ನೀವು ಎರಡು ಟ್ರಿಕ್ ಸೋಲುತ್ತೀರಿ. ಸರಿಯಾದ ಆಟ: ಎರಡನೇ ಟ್ರಿಕ್ಕಿಗೇ ಕೈಯಿಂದ ಕ್ಲಬ್ಸ್ 2, ಡಮ್ಮಿಯಿಂದ 4. ಬೇಕೆಂದೇ ಬಿಟ್ಟುಕೊಡುವುದು. ಎದುರಿನವರು ಗೆದ್ದು ಹಾರ್ಟ್ಸ್ ಮತ್ತೆ ತಂದರೆ ಎಕ್ಕ. ಆಮೇಲೆ ಕ್ಲಬ್ಸ್ 3ರಿಂದ ಡಮ್ಮಿಯ ಎಕ್ಕಕ್ಕೆ, ರಾಜಕ್ಕೆ. 3-2 ಇದ್ದರೆ ಮಿಕ್ಕ ಎರಡೂ ಓಡುತ್ತವೆ. 9 ಟ್ರಿಕ್. ಇಲ್ಲಿ ಸೌತ್ ಬಳಿ ಮೂರು ಕ್ಲಬ್ಸ್ ಇರುವುದರಿಂದ ಮೊದಲು ಎಕ್ಕ ಹೊಡೆದು ಎರಡನೇ ಸುತ್ತಿನಲ್ಲಿ ಬಿಟ್ಟುಕೊಟ್ಟರೂ ನಡೆಯುತ್ತದೆ. ಸೌತ್ ಬಳಿ ಎರಡೇ ಇದ್ದಿದ್ದರೆ ಮೊದಲ ಸುತ್ತೇ ಗತಿ. ಬಿಡುವುದನ್ನು ಮೂರನೇ ಸುತ್ತಿನ ತನಕ ಎಳೆದರೆ ಮಾತ್ರ ಕೆಲಸ ಕೆಟ್ಟಂತೆ.

ಇದು ಪುಸ್ತಕದ ಮೊದಲ ಪಾಠಗಳಲ್ಲೇ ಬರುವ ಆಟ, ಕಾಗದದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ. ಟೂರ್ನಮೆಂಟಿನ 23ನೇ ಬೋರ್ಡಿನಲ್ಲಿ, ರೌಂಡಿಗೆ ಐದು ನಿಮಿಷ ಉಳಿದಿದೆ ಎಂದು ಕೂಗಿದ ಮೇಲೆ, ಎಕ್ಕ-ರಾಜದ ಮೇಲೆ ಕೈ ತಾನಾಗಿ ಹೋಗುತ್ತದೆ. ಇದಕ್ಕೆ ಮದ್ದು ಒಂದೇ. ಡಮ್ಮಿ ಇಳಿದ ಮೇಲೆ, ಮೊದಲ ಟ್ರಿಕ್ಕಿಗೆ ಡಮ್ಮಿಯಿಂದ ಎಲೆ ಕರೆಯುವ ಮೊದಲೇ, ಅದು ಒಂಟಿ ಎಲೆಯೇ ಆಗಿದ್ದರೂ, ನಿಂತು ಎಣಿಸಬೇಕು. ಅರ್ಧ ನಿಮಿಷ ಅಲ್ಲಿ ಕಳೆದರೆ ಆಮೇಲೆ ಎರಡು ನಿಮಿಷ ಉಳಿಯುತ್ತದೆ.

ಸಮಯದ ಮಾತು ಬಂತಲ್ಲ. ಎರಡು ಬೋರ್ಡಿಗೆ 15 ನಿಮಿಷ ಎನ್ನುವುದು ಸಾಮಾನ್ಯ ಲೆಕ್ಕ. 27 ಬೋರ್ಡೆಂದರೆ ಮೂರು ಗಂಟೆ ಇಪ್ಪತ್ತು ನಿಮಿಷದ ಮೇಲೆ. ಬೆಳಿಗ್ಗೆ ಒಂದು ಸೆಷನ್, ಊಟವಾದ ಮೇಲೆ ಇನ್ನೊಂದು. ಕ್ಲಬ್ಬಿನಲ್ಲಿ ಎರಡು ರಬ್ಬರ್ ಆಡಿ ಕಾಫಿ ಕುಡಿದು ಏಳುವ ರೂಢಿಗೆ ಇದು ದೊಡ್ಡ ಹೊರೆ. ಕೊನೆಯ ಆರು ಬೋರ್ಡುಗಳಲ್ಲಿ ಎಣಿಕೆ ತಪ್ಪುತ್ತದೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಕೂತರೆ ಎರಡನೇ ಸೆಷನ್ನಿನ ಮೊದಲ ಗಂಟೆ ಹಾಳು. ಹಿಂದಿನ ರಾತ್ರಿಯೇ ಊರು ತಲುಪಿ ಮಲಗಿದವರಿಗೂ, ಚಿಕ್ಕಮಗಳೂರಿನಿಂದ ನಸುಕಿಗೆ ಹೊರಟು ಬೆಂಗಳೂರಿಗೆ ಬಂದು ನೇರ ಮೇಜಿಗೆ ಕೂತವರಿಗೂ ಇರುವ ವ್ಯತ್ಯಾಸ ಸ್ಕೋರಿನಲ್ಲೇ ಕಾಣುತ್ತದೆ.

ಪಾರ್ಟ್ನರ್ ಜೊತೆ ಏನೇನು ಮಾತಾಡಿಕೊಂಡಿರಬೇಕು? ಹೊಸ ಜೋಡಿಗಳು ಸಾಮಾನ್ಯವಾಗಿ ಕನ್ವೆನ್ಷನ್‌ಗಳ (ಬಿಡ್‌ಗಳಿಗೆ ಕೊಡುವ ವಿಶೇಷ ಅರ್ಥಗಳ) ಪಟ್ಟಿ ಉದ್ದ ಮಾಡುತ್ತಾರೆ. ಬೇಕಿರುವುದು ಚಿಕ್ಕ ಪಟ್ಟಿ, ಅದರ ಅಂಚುಗಳವರೆಗೂ ಸ್ಪಷ್ಟವಾಗಿರಬೇಕು. 1 ನೋಟ್ರಂಪ್ 15ರಿಂದ 17 ಪಾಯಿಂಟ್. ಮೇಜರ್ ಸೂಟ್ (ಸ್ಪೇಡ್ಸ್, ಹಾರ್ಟ್ಸ್) ಓಪನ್ ಮಾಡಲು ಐದು ಎಲೆ. 2 ಕ್ಲಬ್ಸ್ ಬಲವಾದ ಕೈ, ಮಿಕ್ಕ ಎರಡರ ಬಿಡ್‌ಗಳು ಆರೆಲೆಯ ದುರ್ಬಲ ಕೈ. ಸ್ಟೇಮನ್ (ನಾಲ್ಕೆಲೆಯ ಮೇಜರ್ ಇದೆಯೇ ಎಂದು ಕೇಳುವುದು), ಟ್ರಾನ್ಸ್‌ಫರ್ (ಮೇಲಿನ ಸೂಟನ್ನು ಪಾರ್ಟ್ನರ್ ಬಾಯಲ್ಲಿ ಹೇಳಿಸುವುದು), ಬ್ಲ್ಯಾಕ್‌ವುಡ್ (ಎಕ್ಕ ಕೇಳುವುದು), ಟೇಕ್‌ಔಟ್ ಡಬಲ್ (ಪಾರ್ಟ್ನರ್ ತಮ್ಮ ಸೂಟ್ ಹೇಳಲಿ ಎನ್ನುವ ಡಬಲ್). ಲೀಡ್‌ಗೆ ಉದ್ದ ಸೂಟಿನ ನಾಲ್ಕನೇ ಎಲೆ, ಅನುಕ್ರಮ ಇದ್ದರೆ ಅದರ ತಲೆ. ಇಷ್ಟು ಸಾಕು. ಪೆಟ್ಟು ಬೀಳುವುದು ಇದರ ಮುಂದಿನ ಪ್ರಶ್ನೆಗಳಲ್ಲಿ. ನಿಮ್ಮ 1 ನೋಟ್ರಂಪ್ ಮೇಲೆ ಎದುರಿನವರು 2 ಡೈಮಂಡ್ಸ್ ಅಂದರೆ ಆಮೇಲಿನ 2 ಹಾರ್ಟ್ಸ್ ಟ್ರಾನ್ಸ್‌ಫರ್ರೋ, ನಿಜವಾದ ಹಾರ್ಟ್ಸೋ? ಅವರು ಡಬಲ್ ಹೇಳಿದರೆ? ಯಾವ ಸೂಟೂ ಒಪ್ಪಂದವಾಗದೆ 4 ನೋಟ್ರಂಪ್ ಬಂದರೆ ಅದು ಎಕ್ಕ ಕೇಳುವುದೋ, ನೋಟ್ರಂಪನ್ನೇ ಎತ್ತುವುದೋ? ಈ ಮೂರಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಕಾಗದದ ಮೇಲೆ ಉತ್ತರ ಬರೆದು ಹೋಲಿಸಿ ನೋಡಲಿ. ಹೊಂದದಿದ್ದರೆ ಟೂರ್ನಮೆಂಟಿಗೆ ಮೊದಲೇ ಗೊತ್ತಾಗಿದ್ದು ಲಾಭ.

ಒಪ್ಪಂದಗಳನ್ನು ಕನ್ವೆನ್ಷನ್ ಕಾರ್ಡಿನಲ್ಲಿ ಬರೆದು ಎದುರಿನವರಿಗೆ ಕಾಣುವಂತೆ ಇಡಬೇಕು. ಬ್ರಿಜ್ಜಿನಲ್ಲಿ ಗುಟ್ಟಿನ ಭಾಷೆಗೆ ಎಡೆಯಿಲ್ಲ. ಪಾರ್ಟ್ನರ್ ಬಿಡ್‌ಗೆ ವಿಶೇಷ ಅರ್ಥವಿದ್ದರೆ ನೀವು ಅಲರ್ಟ್ ಮಾಡಿ ಎದುರಿನವರನ್ನು ಎಚ್ಚರಿಸಬೇಕು, ಎದುರಿನವರು ಕೇಳಿದರೆ ಒಪ್ಪಂದ ಏನೆಂದು ಹೇಳಬೇಕು. ನಿಮ್ಮ ಕೈಯಲ್ಲಿ ಏನಿದೆ ಎಂದಲ್ಲ. ಇಲ್ಲೊಂದು ಸೂಕ್ಷ್ಮವಿದೆ. ನಿಮ್ಮ ಬಿಡ್ ಬಗ್ಗೆ ಪಾರ್ಟ್ನರ್ ತಪ್ಪು ವಿವರಣೆ ಕೊಟ್ಟರು ಅಂತಿಟ್ಟುಕೊಳ್ಳಿ. ಆಗ ಮುಖ ಗಂಟಿಕ್ಕಿ ಕೂರುವಂತಿಲ್ಲ, ನಡುವೆ ಬಾಯಿ ಹಾಕುವಂತೆಯೂ ಇಲ್ಲ. ನಿಮ್ಮ ಕಡೆಯವರು ಡಿಕ್ಲೇರರ್ ಆದರೆ, ಕೊನೆಯ ಪಾಸ್ ಆದ ಮೇಲೆ, ಲೀಡ್ ಬೀಳುವ ಮೊದಲು ಡೈರೆಕ್ಟರನ್ನು ಕರೆದು ಸರಿಪಡಿಸಬೇಕು. ನೀವು ಡಿಫೆನ್ಸಿನಲ್ಲಿದ್ದರೆ ಆಟ ಮುಗಿಯುವ ತನಕ ಸುಮ್ಮನಿರಬೇಕು, ಯಾಕೆಂದರೆ ಮಾತಾಡಿದರೆ ಪಾರ್ಟ್ನರಿಗೆ ಸುಳಿವು ಸಿಕ್ಕಿಬಿಡುತ್ತದೆ.

ಸುಳಿವಿನ ವಿಷಯದಲ್ಲಿ ನಮ್ಮ ಕಡೆಯವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇಪ್ಪತ್ತೆಂಟು ಆಡಿ ಬೆಳೆದವರಿಗೆ ಜೋಡಿಯ ಮುಖ ಓದುವುದು, ಎಲೆಯನ್ನು ಟಪ್ ಅಂತ ಕುಕ್ಕಿ ಹಾಕುವುದು ಆಟದ ರುಚಿಯೇ. ಬ್ರಿಜ್ಜಿನಲ್ಲಿ ಪಾರ್ಟ್ನರಿಗೆ ಹೋಗಬಹುದಾದ ಮಾಹಿತಿ ಎರಡೇ: ಯಾವ ಬಿಡ್, ಯಾವ ಎಲೆ. ಎಷ್ಟು ಹೊತ್ತು ಯೋಚಿಸಿದಿರಿ, ಹೇಗೆ ಇಟ್ಟಿರಿ ಅನ್ನುವುದನ್ನು ಪಾರ್ಟ್ನರ್ ಬಳಸುವಂತಿಲ್ಲ. ಎದುರಿನವರ ಮುಖ ಓದಿ ಊಹೆ ಮಾಡಬಹುದು, ತಪ್ಪಾದರೆ ನಷ್ಟ ನಿಮ್ಮದೇ. ಪಾರ್ಟ್ನರ್ ಒಂದು ನಿಮಿಷ ಯೋಚಿಸಿ ಪಾಸ್ ಅಂದರು ಅಂದರೆ ಅವರ ಕೈಯಲ್ಲಿ ಏನೋ ಇದೆ ಎಂದು ಎಲ್ಲರಿಗೂ ಗೊತ್ತಾಯಿತು. ಈಗ ನಿಮ್ಮ ಮುಂದೆ ಪಾಸ್, 3 ಸ್ಪೇಡ್ಸ್ ಎರಡೂ ನ್ಯಾಯವಾದ ಆಯ್ಕೆಗಳಾಗಿದ್ದರೆ, ಆ ವಿಳಂಬ ಸೂಚಿಸಿದ ಕಡೆಗೆ ಹೋಗಬಾರದು. ಹೋದರೆ ಡೈರೆಕ್ಟರ್ ಸ್ಕೋರ್ ಬದಲಿಸುತ್ತಾರೆ. ಅದು ನಿಮ್ಮನ್ನು ಮೋಸಗಾರ ಅಂದಂತಲ್ಲ. ಆಟದ ಅಂದ ಇರುವುದೇ ಈ ಕಟ್ಟುಪಾಡಿನಲ್ಲಿ. ಇದನ್ನು ಒಪ್ಪಿಕೊಂಡ ಜೋಡಿಯ ಜೊತೆ ಆಡುವುದೇ ಒಂದು ಸುಖ.

ಬಿಡ್ಡಿಂಗ್ ಬಾಕ್ಸ್ (ಬಿಡ್ ಕಾರ್ಡುಗಳ ಪೆಟ್ಟಿಗೆ) ಬಳಸದೆ ಬಾಯಲ್ಲೇ ಹೇಳಿ ರೂಢಿಯಾದವರು ಒಂದು ವಾರ ಬಾಕ್ಸ್ ಇಟ್ಟುಕೊಂಡು ಆಡಲಿ. ನಿರ್ಧಾರ ಆಗುವ ತನಕ ಬೆರಳು ಬಾಕ್ಸ್ ಮುಟ್ಟಬಾರದು. ಡಬಲ್ ಕಾರ್ಡಿನ ಮೇಲೆ ಬೆರಳಿಟ್ಟು ವಾಪಸ್ ತೆಗೆದು ಪಾಸ್ ಹಾಕಿದರೆ ಅದೂ ಒಂದು ಸುಳಿವು. ಬೇಕಾದ ಬಿಡ್ ಮತ್ತು ಅದರ ಹಿಂದಿನ ಕಾರ್ಡುಗಳನ್ನೆಲ್ಲ ಹೆಬ್ಬೆರಳಿನಿಂದ ಒಟ್ಟಿಗೆ ಎತ್ತಿ, ಹಿಂದಿನ ಬಿಡ್ ಕಾಣುವಂತೆ ಒಂದರ ಮೇಲೊಂದು ಸ್ವಲ್ಪ ಸರಿಸಿ ಇಡಬೇಕು.

ಲೀಡ್ ಮಾಡುವಾಗ ಎಲೆಯನ್ನು ಮಗುಚಿಯೇ ಇಡಬೇಕು. ಪಾರ್ಟ್ನರ್ "ಪ್ರಶ್ನೆ ಇಲ್ಲ" ಎಂದ ಮೇಲೆ ತಿರುಗಿಸುವುದು. ಇಷ್ಟು ಸಣ್ಣ ಅಭ್ಯಾಸ ಒಂದು ದೊಡ್ಡ ಅನಾಹುತ ತಪ್ಪಿಸುತ್ತದೆ. ಸರದಿ ನಿಮ್ಮದಲ್ಲದೆ ಎಲೆ ತೆರೆದು ಇಟ್ಟುಬಿಟ್ಟರೆ ಡಿಕ್ಲೇರರ್ ಮುಂದೆ ಐದು ಆಯ್ಕೆ: ಒಪ್ಪಿಕೊಂಡು ತಾನೇ ಆಡುವುದು, ಒಪ್ಪಿಕೊಂಡು ತನ್ನ ಕೈ ಇಳಿಸಿ ಪಾರ್ಟ್ನರಿಗೆ ಆಡಲು ಬಿಡುವುದು, ಸರಿಯಾದ ಲೀಡರ್ ಅದೇ ಸೂಟ್ ಆಡಬೇಕು ಅನ್ನುವುದು, ಆ ಸೂಟ್ ಆಡಬಾರದು ಅನ್ನುವುದು, ಇಲ್ಲವೇ ಏನಾದರೂ ಆಡಲಿ ಅಂತ ಬಿಟ್ಟು, ಆ ಎಲೆಯನ್ನು ಪೆನಾಲ್ಟಿ ಕಾರ್ಡ್ (ಮೊದಲ ಅವಕಾಶದಲ್ಲೇ ಆಡಬೇಕಾದ ಎಲೆ) ಆಗಿ ಮೇಜಿನ ಮೇಲೆ ಉಳಿಸುವುದು. ಈ ಐದನ್ನೂ ಡೈರೆಕ್ಟರ್ ಬಂದು ಓದಿ ಹೇಳುವ ತನಕ ಕಾಯಬೇಕು. ಎದುರಿನವರು ಹಿರಿಯರು, ಅನುಭವಸ್ಥರು ಅಂತ ಅವರ ಮಾತಿನ ಮೇಲೆ ತೀರ್ಮಾನ ಮಾಡಿಕೊಳ್ಳಬೇಡಿ. ಕ್ಲಬ್ಬಿನಲ್ಲಿ ಯಾರನ್ನಾದರೂ ಕರೆದರೆ ಜಗಳ ಅಂದುಕೊಳ್ಳುತ್ತಾರೆ. ಟೂರ್ನಮೆಂಟಿನಲ್ಲಿ ಕೈ ಎತ್ತಿ "ಡೈರೆಕ್ಟರ್ ಪ್ಲೀಸ್" ಅನ್ನುವುದು ದಿನನಿತ್ಯದ ಕೆಲಸ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರಿವೋಕ್‌ಗೂ ಹಾಗೆಯೇ. ಸೂಟ್ ಇದ್ದೂ ಬೇರೆ ಎಲೆ ಹಾಕಿ, ನಿಮ್ಮ ಕಡೆಯವರು ಮುಂದಿನ ಟ್ರಿಕ್ಕಿಗೆ ಎಲೆ ಹಾಕಿಬಿಟ್ಟರೆ ಅದು ಸ್ಥಿರವಾಯಿತು. ಆ ಟ್ರಿಕ್ಕನ್ನು ರಿವೋಕ್ ಮಾಡಿದವರೇ ಗೆದ್ದಿದ್ದು, ಆಮೇಲೆ ಅವರ ಕಡೆ ಇನ್ನೊಂದನ್ನಾದರೂ ಗೆದ್ದಿದ್ದರೆ ಎರಡು ಟ್ರಿಕ್ ಹೋಗುತ್ತದೆ. ಇಲ್ಲದಿದ್ದರೆ ಹೆಚ್ಚೆಂದರೆ ಒಂದು. ಅದಕ್ಕೇ ಡಿಕ್ಲೇರರ್ ಬೇರೆ ಸೂಟ್ ಹಾಕಿದಾಗ ಡಮ್ಮಿ "ಹಾರ್ಟ್ಸ್ ಇಲ್ವಾ ಸರ್?" ಅಂತ ಕೇಳಬಹುದು, ಕೇಳಬೇಕು. ಡಮ್ಮಿಗಿರುವ ಕೆಲವೇ ಹಕ್ಕುಗಳಲ್ಲಿ ಅದೊಂದು. ಇನ್ನು ಕ್ಲೈಮ್ ಮಾಡುವಾಗ "ಉಳಿದದ್ದೆಲ್ಲ ನಂದು" ಅಂದರೆ ಸಾಲದು. ಯಾವ ಕ್ರಮದಲ್ಲಿ ಆಡುತ್ತೀರಿ, ಹೊರಗೆ ತುರುಪು ಉಳಿದಿದ್ದರೆ ಅದನ್ನು ಹೇಗೆ ತೆಗೆಯುತ್ತೀರಿ ಅಂತ ಹೇಳಬೇಕು. ಆ ಒಂದು ತುರುಪಿನ ಹೆಸರೆತ್ತದೆ ಎಲೆ ಇಳಿಸಿದವರು ಟ್ರಿಕ್ ಕಳೆದುಕೊಂಡದ್ದು ಯಾವ ಟೂರ್ನಮೆಂಟಿನಲ್ಲೂ ನೋಡಸಿಗುತ್ತದೆ.

ಕಂಪ್ಯೂಟರ್ ಹಂಚಿದ ಎಲೆ ವಿಚಿತ್ರ, ಏಳೆಲೆ, ಎಂಟೆಲೆಯ ಸೂಟ್‌ಗಳೇ ಬೀಳುತ್ತವೆ ಅನ್ನುವ ದೂರು ಎಲ್ಲೆಡೆ ಕೇಳಿಬರುತ್ತದೆ. ವಾಸ್ತವ ಬೇರೆ. ಒಂದು ಕಟ್ಟು ಸರಿಯಾಗಿ ಕಲೆಯಬೇಕಾದರೆ ಏಳು ಸಲವಾದರೂ ರಿಫಲ್ ಮಾಡಬೇಕು (ಕಟ್ಟನ್ನು ಎರಡಾಗಿಸಿ ಎಲೆಗಳನ್ನು ಒಂದರೊಳಗೊಂದು ಸೇರಿಸಬೇಕು) ಎಂದು ಬೇಯರ್ ಮತ್ತು ಡಯಕೋನಿಸ್ 1992ರಲ್ಲಿ ಗಣಿತದಿಂದ ತೋರಿಸಿದರು. ಮೇಜಿನಲ್ಲಿ ಎರಡು-ಮೂರು ಸಲ ಕಲೆಸಿ ಹಂಚಿದಾಗ ಹಿಂದಿನ ಆಟದಲ್ಲಿ ನಾಲ್ಕು ನಾಲ್ಕಾಗಿ ಸೇರಿದ್ದ ಒಂದೇ ಸೂಟಿನ ಎಲೆಗಳು ನಾಲ್ವರಿಗೂ ಒಂದೊಂದಾಗಿ ಹರಿದುಹೋಗುತ್ತವೆ, ಕೈಗಳು ಸಪಾಟಾಗುತ್ತವೆ. ನಮಗೆ ಸಹಜ ಅನ್ನಿಸಿರುವುದು ಆ ಸಪಾಟು ಕೈ. ನಿಜವಾದ ಲೆಕ್ಕದಲ್ಲಿ ಒಂದು ಕೈಯಲ್ಲಿ ನಾಲ್ಕು ಸೂಟುಗಳ ಎಲೆ 4-3-3-3 ಆಗಿ ಬರುವುದು ಶೇ 10.5 ಮಾತ್ರ, 5-4-3-1 ಅದಕ್ಕಿಂತ ಹೆಚ್ಚು, ಶೇ 12.9. ಹೀಗಾಗಿ ತುರುಪು 4-1 ಬಿದ್ದರೆ ಏನು ಮಾಡುವುದು ಎಂಬ ಯೋಚನೆ ಟೂರ್ನಮೆಂಟಿನಲ್ಲಿ ಹೆಚ್ಚು ಸಲ ಬೇಕಾಗುತ್ತದೆ. ಐದು ಎಲೆ ಹೊರಗಿದ್ದಾಗ 4-1ರ ಸಾಧ್ಯತೆ ಶೇ 28.

ಸೆಷನ್ ಮುಗಿದ ಮೇಲೆ ಎಲ್ಲ ಬೋರ್ಡುಗಳ ಹ್ಯಾಂಡ್ ರೆಕಾರ್ಡ್ (ನಾಲ್ಕೂ ಕೈಗಳ ಅಚ್ಚಾದ ಪಟ್ಟಿ) ಕೊಡುತ್ತಾರೆ. ಪಾರ್ಟ್ನರ್ ಜೊತೆಗಿನ ಚರ್ಚೆ ಏನಿದ್ದರೂ ಆ ಕಾಗದ ಕೈಗೆ ಬಂದ ಮೇಲೆ. ಮೇಜಿನಲ್ಲೇ "ಗೌಡ್ರೇ, ಹಾರ್ಟ್ಸ್ ವಾಪಸ್ ಬರ್ಬೋದಿತ್ತಲ್ಲ" ಅಂತ ಶುರುಮಾಡಿದರೆ ಮುಂದಿನ ಎರಡು ಬೋರ್ಡೂ ಹೋದಂತೆ. ಗಂಡ-ಹೆಂಡತಿ ಜೋಡಿಯಾಗಿ ಆಡುವಾಗ ಈ ಮಾತು ಇನ್ನೂ ಹೆಚ್ಚು ನಿಜ. ಕಾಗದದಲ್ಲಿ ಯಾವ ಕಾಂಟ್ರಾಕ್ಟ್ ಎಷ್ಟು ಆಗುತ್ತದೆ ಎಂದು ಅಚ್ಚಾಗಿರುವುದು ನಾಲ್ಕೂ ಕೈ ಕಂಡು ಆಡಿದರೆ ಆಗುವ ಲೆಕ್ಕ. ಅದನ್ನು ಹಿಡಿದು ಯಾರನ್ನೂ ದೂರಬಾರದು. ನೋಡಬೇಕಾದ್ದು ಬೇರೆ ಮೇಜುಗಳ ಸ್ಕೋರ್: ಬಹುಪಾಲು ಜನ 2 ಸ್ಪೇಡ್ಸ್‌ನಲ್ಲಿದ್ದಾಗ ನಾವು ಯಾಕೆ ಪಾಸ್ ಆದೆವು? ಎಲ್ಲರಿಗೂ 11 ಬಂದಲ್ಲಿ ನಮಗೆ ಯಾಕೆ 10?

ಅಂಕದ ಅಂದಾಜು ಮೊದಲೇ ತಿಳಿದಿರಲಿ: ಬಲವಾದ ಪೇರ್ಸ್ ಕ್ಷೇತ್ರದಲ್ಲಿ ಶೇ 50 ಸರಾಸರಿ, ಶೇ 60 ದಾಟಿದರೆ ಬಹುಮಾನದ ಹತ್ತಿರ. ಹೊಸ ಜೋಡಿ ಶೇ 45 ತಂದರೆ ಅದು ಗೌರವದ ಅಂಕ. ವಯಸ್ಸಿನ ಚಿಂತೆಯೂ ಬೇಡ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಪುರುಷರ ಪೇರ್ಸ್ ಚಿನ್ನ ತಂದ ಪ್ರಣಬ್ ಬರ್ಧನ್‌ಗೆ ಆಗ 60, ಶಿಬ್ನಾಥ್ ಸರ್ಕಾರ್‌ಗೆ 56.

ನಮ್ಮ ಜಿಲ್ಲೆಗಳಲ್ಲಿ ಈ ಆಟಕ್ಕೆ ನೆಲ ಇದೆ. ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ಕಾಂಟ್ರಾಕ್ಟ್ ಬ್ರಿಜ್ಜಿನ ಅಂಕಪದ್ಧತಿ ರೂಪಿಸಿದ್ದು 1925ರಲ್ಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ ವರ್ಷ. ಬ್ರಿಟಿಷರ ಕಾಲದ ಪ್ಲಾಂಟರ್ ಕ್ಲಬ್‌ಗಳು ಈಗಲೂ ಇವೆ, ಕೊಯ್ಲು ಮುಗಿದ ಮೇಲೆ ಮತ್ತು ಜೂನ್-ಜುಲೈ ಮಳೆಯಲ್ಲಿ ಹೊತ್ತೂ ಇದೆ. ಇಲ್ಲದ್ದು ಡೂಪ್ಲಿಕೇಟ್ ಅಭ್ಯಾಸ. ಅದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಎಂಟು ಜನ, ಎರಡು ಮೇಜು, ಎಂಟು ಕಟ್ಟು ಇಸ್ಪೀಟು. ಬೋರ್ಡ್ ಇಲ್ಲದಿದ್ದರೆ 32 ಗಟ್ಟಿ ಕವರ್: ಪ್ರತಿ ಕಟ್ಟಿಗೆ ನಾಲ್ಕು, ಮೇಲೆ ಬೋರ್ಡ್ ನಂಬರ್, ದಿಕ್ಕು, ಡೀಲರ್, ವಲ್ನರಬಲ್ ಬರೆದು ನಾಲ್ಕನ್ನೂ ಒಂದು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಡಬೇಕು. ಮಳೆಗಾಲದಲ್ಲಿ ಕಾಗದದ ಎಲೆ ಒಂದಕ್ಕೊಂದು ಅಂಟುತ್ತದೆ, ಪ್ಲಾಸ್ಟಿಕ್ ಎಲೆಯೇ ಒಳ್ಳೆಯದು. ಏಳು ಸಲ ಕಲೆಸಿ ಹಂಚಿ ಕವರಿಗೆ ಹಾಕಿ. ಒಂದನೇ ಮೇಜಿನಲ್ಲಿ ಮೊದಲ ತಂಡ ನಾರ್ತ್-ಸೌತ್, ಎರಡನೇ ಮೇಜಿನಲ್ಲಿ ಎರಡನೇ ತಂಡ ನಾರ್ತ್-ಸೌತ್. ಒಂದರಿಂದ ನಾಲ್ಕು ಈ ಮೇಜಿಗೆ, ಐದರಿಂದ ಎಂಟು ಆ ಮೇಜಿಗೆ; ಮುಗಿದ ಮೇಲೆ ಅದಲು ಬದಲು. ಅದಲು ಬದಲು ಆಗುವ ತನಕ ಒಂದು ಮೇಜಿನ ಮಾತು ಇನ್ನೊಂದಕ್ಕೆ ಕೇಳಬಾರದು, ಆದ್ದರಿಂದ ಒಂದು ಹಜಾರದಲ್ಲಿ, ಒಂದು ಜಗಲಿಯಲ್ಲಿ. ಬೋರ್ಡಿಗೆ ಹತ್ತು ನಿಮಿಷ ಹಿಡಿದರೂ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಎಂಟೂ ಮುಗಿಯುತ್ತವೆ. ಆಮೇಲೆ ಎಂಟು ಜನವೂ ಕೂತು, ಎರಡು ಸ್ಕೋರ್ ಹಾಳೆ ಪಕ್ಕಪಕ್ಕ ಇಟ್ಟು, ಒಂದೊಂದೇ ಬೋರ್ಡಿನ ವ್ಯತ್ಯಾಸ ತೆಗೆದು ಐಎಂಪಿ ಬರೆಯುತ್ತಾ ಹೋಗಬೇಕು. 20ರಿಂದ 40ಕ್ಕೆ 1, 50ರಿಂದ 80ಕ್ಕೆ 2, 90ರಿಂದ 120ಕ್ಕೆ 3, 130ರಿಂದ 160ಕ್ಕೆ 4, 170ರಿಂದ 210ಕ್ಕೆ 5, 220ರಿಂದ 260ಕ್ಕೆ 6. ಗೇಮ್ ತಪ್ಪಿದ ಬೋರ್ಡ್ ಬಂದರೆ ಪಟ್ಟಿಯ ಮುಂದಿನ ಸಾಲುಗಳೂ ಬೇಕಾಗುತ್ತವೆ, ಅದನ್ನು ಗೋಡೆಗೆ ಅಂಟಿಸಿಕೊಂಡಿರಿ.